‘ದಿ ಹ್ಯಾಂಗೋವರ್ ಪಾರ್ಟ್ 2’ ನೋಡುವ ಮುನ್ನ, ನೋಡಿದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಐದು ಜನ ಗೆಳೆಯರು ಈ ಸಿನಿಮಾವನ್ನು 2011ರಲ್ಲಿ ಒಟ್ಟಿಗೆ ನೋಡಿದೆವು. ಆಮೇಲೆ ಒಬ್ಬೊಬ್ಬರ ಮದುವೆ ಹತ್ತಿರ ಬಂದಾಗಲೂ ಯಾರಾದರೂ ಒಬ್ಬರು ಅದನ್ನು ಮತ್ತೆ ಹಾಕಿದ್ದಾರೆ. ಈಗ ತಮ್ಮಂದಿರು, ಆಫೀಸಿನ ಹುಡುಗರು, ಹುಡುಗಿಯರು ನನ್ನನ್ನು ಕೇಳುತ್ತಾರೆ: ನೋಡಬಹುದಾ? ಮೊದಲನೆಯದು ನೋಡಿರಬೇಕಾ? ಅಷ್ಟೊಂದು ಬೈದರಲ್ಲ, ಯಾಕೆ? ಆ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುವ ಪ್ರಶ್ನೆಗಳನ್ನು ಕೊನೆಗೆ ಇಟ್ಟಿದ್ದೇನೆ. ಅಲ್ಲಿಗೆ ಬಂದಾಗ ಹೇಳುತ್ತೇನೆ, ಸಿನಿಮಾ ನೋಡದವರು ಅಲ್ಲೇ ನಿಲ್ಲಿಸಿ.

ಇದು ಎಂಥ ಸಿನಿಮಾ?

ಮದುವೆಗೆ ಮುಂಚೆ ಗೆಳೆಯರು ಒಂದು ರಾತ್ರಿ ಕುಡಿಯಲು ಕೂರುತ್ತಾರೆ. ಬೆಳಿಗ್ಗೆ ಎದ್ದರೆ ಯಾರಿಗೂ ಏನೂ ನೆನಪಿಲ್ಲ. ಜೊತೆಗಿದ್ದ ಒಬ್ಬ ಕಾಣೆ. ಮದುವೆಯ ಹೊತ್ತಿಗೆ ಅವನನ್ನು ಹುಡುಕಿ ಕರೆತರಬೇಕು. ಇಷ್ಟೇ ಕಥೆ. ನಿರ್ದೇಶಕ ಟಾಡ್ ಫಿಲಿಪ್ಸ್. ಮೊದಲ ಸಿನಿಮಾ 2009ರಲ್ಲಿ ಬಂತು, ಅದು ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುತ್ತದೆ. ಎರಡನೆಯದು 2011ರ ಮೇ ತಿಂಗಳಲ್ಲಿ ಬಂತು, ಅದು ಥಾಯ್ಲೆಂಡ್‌ನ ಬ್ಯಾಂಕಾಕ್‌ನಲ್ಲಿ ನಡೆಯುತ್ತದೆ. ಉದ್ದ 1 ಗಂಟೆ 42 ನಿಮಿಷ.

ಮೊದಲನೆಯದು ನೋಡಿರಲೇಬೇಕಾ?

ಹೌದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎರಡನೆಯದರ ಅರ್ಧ ನಗು ಮೊದಲನೆಯದರ ನೆನಪಿನಿಂದ ಬರುತ್ತದೆ. ಸ್ಟೂ ಅನ್ನುವವನು ತನ್ನ ಮದುವೆಗೆ ಬ್ಯಾಚುಲರ್ ಪಾರ್ಟಿಯೇ ಬೇಡ ಎಂದು ಗೆಳೆಯರನ್ನು ತಿಂಡಿಗೆ ಕರೆಯುತ್ತಾನೆ. ಕಿತ್ತಳೆ ಜ್ಯೂಸಿನ ಲೋಟದ ಮೇಲೆ ಕರವಸ್ತ್ರ ಮುಚ್ಚಿಟ್ಟು ಕೂತಿರುತ್ತಾನೆ, ಯಾರೂ ಏನೂ ಬೆರೆಸದಿರಲಿ ಎಂದು. ಮೊದಲ ಸಿನಿಮಾ ನೋಡಿದವರು ಆ ಲೋಟ ಕಂಡ ಕೂಡಲೇ ನಗುತ್ತಾರೆ. ನೋಡದವರಿಗೆ ಅದು ಬರೀ ಲೋಟ.

ಆದರೆ ಒಂದು ಮಾತು: ಎರಡನ್ನೂ ಒಂದೇ ದಿನ ನೋಡಬೇಡಿ. ಈ ಸಿನಿಮಾ ನೋಡಿ ಬೇಸರಪಟ್ಟವರಲ್ಲಿ ಎಷ್ಟೋ ಜನ ಮಾಡಿದ ತಪ್ಪು ಇದೇ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ. ಒಂದೆರಡು ತಿಂಗಳಾದರೂ ಬಿಡಿ. ನಮಗೆ ಎರಡು ವರ್ಷದ ಅಂತರ ಇತ್ತು, ಅದೇ ಸರಿಯಾದ ಅಂತರ ಅಂತ ಈಗ ಅನಿಸುತ್ತದೆ.

ಯಾರು ಯಾರು? ಹೆಸರುಗಳು ಗೊಂದಲ ಆಗುತ್ತವೆ.

ಫಿಲ್ ಶಾಲಾ ಮೇಷ್ಟ್ರು, ಗುಂಪಿನ ಮುಂದಾಳು, ಎಂಥ ಪರಿಸ್ಥಿತಿಯಲ್ಲೂ ಧೈರ್ಯ ಬಿಡದವನು. ಮಾಡಿದವರು ಬ್ರ್ಯಾಡ್ಲಿ ಕೂಪರ್. ಸ್ಟೂ ಹಲ್ಲಿನ ಡಾಕ್ಟರ್, ಅಂಜುಬುರುಕ. ಮಾಡಿದವರು ಎಡ್ ಹೆಲ್ಮ್ಸ್. ಈ ಸಲ ಮದುವೆ ಇವನದೇ. ಅಲನ್ ದೊಡ್ಡವನಾಗಿದ್ದರೂ ಅಪ್ಪ ಅಮ್ಮನ ಮನೆಯಲ್ಲೇ ಇರುವವನು. ಲೋಕದ ರೀತಿ ನೀತಿ ಅವನಿಗೆ ತಿಳಿಯದು. ಮಾಡಿದವರು ಜಾಕ್ ಗ್ಯಾಲಿಫಿಯಾನಾಕಿಸ್. ಡಗ್ ನಾಲ್ಕನೆಯವನು, ಅಲನ್‌ನ ಸೋದರಿಯ ಗಂಡ. ಮೊದಲ ಸಿನಿಮಾದಲ್ಲಿ ಕಳೆದುಹೋದ ಮದುಮಗ ಇವನೇ. ಎರಡನೆಯದರಲ್ಲಿ ಇವನು ಬೇಗ ಎದ್ದು ಹೋಗಿ ಮಲಗಿಬಿಡುತ್ತಾನೆ, ಹಾಗಾಗಿ ಬಚಾವಾಗುತ್ತಾನೆ.

ಹೊಸಬ ಟೆಡ್ಡಿ. ಮದುಮಗಳು ಲಾರೆನ್‌ಳ ತಮ್ಮ, 16 ವರ್ಷ, ಓದಿನಲ್ಲಿ ಮುಂದು, ಡಾಕ್ಟರ್ ಆಗಬೇಕಾದ ಹುಡುಗ. ಅಪ್ಪನ ಕಣ್ಮಣಿ. ಈ ಸಲ ಕಾಣೆಯಾಗುವುದು ಇವನು. ಪಾತ್ರ ಮಾಡಿದ ಮೇಸನ್ ಲೀ, ಹೆಸರಾಂತ ನಿರ್ದೇಶಕ ಆಂಗ್ ಲೀ ಅವರ ಮಗ.

ಇನ್ನು ಚೌ ಎಂಬ ಪುಂಡನ ಪಾತ್ರ ಮಾಡಿದ ಕೆನ್ ಜಿಯಾಂಗ್ ನಟನಾಗುವ ಮುಂಚೆ ನಿಜವಾಗಿಯೂ ಡಾಕ್ಟರ್ ಆಗಿದ್ದವರು.

ಹಾಗಾದರೆ ಇದು ಬರೀ ಕುಡುಕರ ಕಥೆಯಾ?

ಅಲ್ಲ. ಇದನ್ನು ಪತ್ತೇದಾರಿ ಕಥೆ ಅಂದುಕೊಂಡು ನೋಡಿ, ಜಾಸ್ತಿ ಖುಷಿ ಸಿಗುತ್ತದೆ. ಕುಡಿಯುವ ರಾತ್ರಿಯನ್ನು ಸಿನಿಮಾ ತೋರಿಸುವುದೇ ಇಲ್ಲ, ಅಲ್ವಾ? ಬೆಂಕಿ ಹಾಕಿಕೊಂಡು ಸಮುದ್ರ ದಂಡೆಯಲ್ಲಿ ಒಂದೊಂದು ಬಿಯರ್ ಬಾಟಲಿ ಹಿಡಿದು ಕೂತವರು, ಮರುಕ್ಷಣ ಬ್ಯಾಂಕಾಕ್‌ನ ಕೊಳಕು ಹೋಟೆಲ್ ಕೋಣೆಯಲ್ಲಿ ಕಣ್ಣು ಬಿಡುತ್ತಾರೆ. ಅಲನ್‌ನ ತಲೆ ನುಣ್ಣಗೆ ಬೋಳು. ಸ್ಟೂನ ಮುಖದ ಮೇಲೆ ಹಚ್ಚೆ. ಕೋಣೆಯಲ್ಲಿ ಒಂದು ಕೋತಿ. ಪಾತ್ರೆಯ ನೀರಿನಲ್ಲಿ ಒಂದು ಕತ್ತರಿಸಿದ ಬೆರಳು, ಬೆರಳಿನಲ್ಲಿ ಟೆಡ್ಡಿಯ ಉಂಗುರ.

ಇವೆಲ್ಲ ಸುಳಿವುಗಳು. ಪ್ರತಿಯೊಂದಕ್ಕೂ ಮುಂದೆ ಒಂದು ಕಾರಣ ಸಿಗುತ್ತದೆ. ಪತ್ತೆ ಹಚ್ಚುವವರೇ ತಪ್ಪು ಮಾಡಿದವರೂ ಆಗಿದ್ದಾರೆ, ಅದೇ ಇದರ ಸೊಗಸು. ನಿನ್ನೆ ರಾತ್ರಿಯ ತಮ್ಮನ್ನು ತಾವೇ ಬೆನ್ನಟ್ಟಿಕೊಂಡು ಹೋಗುತ್ತಾರೆ. ಯಾವುದೋ ಅಂಗಡಿಗೆ ಕಾಲಿಟ್ಟರೆ ಅಲ್ಲಿಯವರೆಲ್ಲ ಇವರನ್ನು ಗುರುತು ಹಿಡಿಯುತ್ತಾರೆ, ಇವರಿಗೆ ಮಾತ್ರ ಯಾರ ಗುರುತೂ ಇಲ್ಲ. ಆ ಕ್ಷಣದ ಮುಖಗಳನ್ನು ಗಮನಿಸಿ. ಮೂವರೂ ನಟರು ನಿಜವಾಗಿ ಗೆಲ್ಲುವುದು ಅಲ್ಲಿ.

ಮೊದಲನೆಯದನ್ನೇ ಮತ್ತೆ ತೆಗೆದಿದ್ದಾರೆ ಅಂತ ಎಲ್ಲರೂ ಬೈದರಲ್ಲ?

ಬೈದಿದ್ದು ನಿಜ, ಬೈಗುಳದಲ್ಲಿ ಸತ್ಯವೂ ಇದೆ. ಮೊದಲ ಸಿನಿಮಾ ಶುರುವಾಗುವುದು ಫಿಲ್ ಮಾಡುವ ಫೋನ್ ಕರೆಯಿಂದ: ಮದುವೆ ನಡೆಯುವ ಹಾಗಿಲ್ಲ ಅಂತ. ಎರಡನೆಯದೂ ಹಾಗೇ ಶುರುವಾಗುತ್ತದೆ. ಅಲ್ಲಿ ಹುಲಿ, ಇಲ್ಲಿ ಕೋತಿ. ಅಲ್ಲಿ ಸ್ಟೂನ ಹಲ್ಲು ಹೋಗಿತ್ತು, ಇಲ್ಲಿ ಮುಖಕ್ಕೆ ಹಚ್ಚೆ. ಅಲ್ಲಿ ಸ್ಟೂ ಹಾಡು ಕಟ್ಟಿ ಹಾಡುತ್ತಾನೆ, ಇಲ್ಲೂ ಹಾಡುತ್ತಾನೆ. ಕೊನೆಗೆ ಕ್ಯಾಮೆರಾ ಫೋಟೋಗಳು, ಇಲ್ಲಿ ಮೊಬೈಲ್ ಫೋಟೋಗಳು. ಪಕ್ಕ ಪಕ್ಕ ಇಟ್ಟರೆ ಒಂದೇ ಅಚ್ಚಿನಲ್ಲಿ ಹೊಯ್ದ ಎರಡು ಬೆಲ್ಲದ ಅಚ್ಚುಗಳ ಹಾಗೆ ಕಾಣುತ್ತವೆ.

ಆದರೂ ನಾನು ಈ ಸಿನಿಮಾದ ಪರ ಮಾತಾಡುತ್ತೇನೆ. ನಮ್ಮ ಕಡೆ ಮಳೆ ನಿಂತ ಮೇಲೆ ಯಕ್ಷಗಾನ ಮೇಳಗಳು ತಿರುಗಾಟ ಶುರು ಮಾಡುತ್ತವೆ. ಅದೇ ಪ್ರಸಂಗವನ್ನು ಜನ ಹತ್ತು ಸಲ ನೋಡಿರುತ್ತಾರೆ. ಕೀಚಕ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಆದರೂ ರಾತ್ರಿಯಿಡೀ ಕೂರುತ್ತಾರೆ. ಇವತ್ತು ಹಾಸ್ಯಗಾರ ಏನು ಹೇಳುತ್ತಾನೆ, ಭಾಗವತರು ಆ ಪದವನ್ನು ಹೇಗೆ ಎತ್ತುತ್ತಾರೆ, ಅದಕ್ಕಾಗಿ ಕೂರುತ್ತಾರೆ. ಗೊತ್ತಿರುವ ಕಥೆಯನ್ನು ಮತ್ತೆ ನೋಡುವುದು ನಮಗೆ ಹೊಸದೇನಲ್ಲ. ಈ ಸಿನಿಮಾದಲ್ಲಿ ನನಗೆ ಸಿಗುವ ಸುಖ ಅದೇ ಜಾತಿಯದು. ಮತ್ತೆ ಅದೇ ಆಗುತ್ತದೆ ಎಂದು ನನಗೆ ಗೊತ್ತು, ಸ್ಟೂಗೂ ಒಳಗೊಳಗೆ ಗೊತ್ತು, ಅವನು ಲೋಟ ಮುಚ್ಚಿಟ್ಟರೂ ಅದು ಆಗಿಯೇ ತೀರುತ್ತದೆ. ಎಚ್ಚರ ತಪ್ಪದೆ ನಡೆದವನೂ ಅದೇ ಗುಂಡಿಗೆ ಬೀಳುವುದನ್ನು ನೋಡುವಾಗ ಬರುವ ನಗು ಬೇರೆ.

ಯಕ್ಷಗಾನದಲ್ಲಿ ಕಥೆ ಅದೇ ಇದ್ದರೂ ಮಾತು ಪ್ರತಿ ರಾತ್ರಿ ಹೊಸದಾಗಿ ಹುಟ್ಟುತ್ತದೆ. ಇಲ್ಲಿ ಬರೆದವರು ಅಷ್ಟು ಧೈರ್ಯ ಮಾಡಿಲ್ಲ. ಕೆಲವು ಕಡೆ ಮೊದಲ ಸಿನಿಮಾದ ಲಯವನ್ನೇ ನಿಮಿಷ ನಿಮಿಷಕ್ಕೆ ಹಿಡಿದಿದ್ದಾರೆ. ಎರಡನ್ನೂ ಒಂದೇ ದಿನ ನೋಡಿದರೆ ಕಣ್ಣಿಗೆ ಅಚ್ಚು ಮಾತ್ರ ಕಾಣುತ್ತದೆ, ಬೆಲ್ಲ ನಾಲಿಗೆಗೆ ಹತ್ತುವುದಿಲ್ಲ. ಅಂತರ ಬಿಟ್ಟು ನೋಡಿ ಎಂದಿದ್ದು ಇದಕ್ಕೇ.

ಮನೆಯವರ ಜೊತೆ ನೋಡಬಹುದಾ?

ಬೇಡ. ಬೆತ್ತಲೆ ದೃಶ್ಯಗಳಿವೆ, ಬೈಗುಳ ಸಾಲು ಸಾಲಾಗಿ ಬರುತ್ತದೆ, ಮಾದಕ ವಸ್ತು ಇದೆ. ಅಮೆರಿಕದಲ್ಲಿ ಇದಕ್ಕೆ ‘ಆರ್’ ದರ್ಜೆ, ಅಂದರೆ 17 ತುಂಬದವರು ದೊಡ್ಡವರ ಜೊತೆಗಷ್ಟೇ ನೋಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದ ಕೋಣೆಯಲ್ಲಿ ಹಾಕುವುದೂ ಬೇಡ, ಮಾತುಗಳೇ ಸಾಕು ಮುಜುಗರಕ್ಕೆ.

ಹಾಗಾದರೆ ಯಾರ ಜೊತೆ ನೋಡಬೇಕು? ಒಬ್ಬನೇ ನೋಡಿದರೆ?

ಒಬ್ಬರೇ ನೋಡಿದರೆ ಸಿನಿಮಾ ಅರ್ಧಕ್ಕೆ ಇಳಿಯುತ್ತದೆ. ನಾನು ಒಮ್ಮೆ ಒಬ್ಬನೇ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮೂರರಿಂದ ಆರು ಜನ ಇದ್ದರೆ ಸರಿ. ಹಳೇ ಗೆಳೆಯರಾಗಿರಬೇಕು. ಹಾಸ್ಟೆಲ್ಲಿನಲ್ಲೋ ಪಿಜಿಯಲ್ಲೋ ಜೊತೆಗಿದ್ದವರು, ಯಾವುದೋ ರಾತ್ರಿ ಬಸ್ ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಒಟ್ಟಿಗೆ ಮಲಗಿದವರು. ಇಂಥ ಗುಂಪಿನಲ್ಲಿ ಪ್ರತಿ ಪಾತ್ರಕ್ಕೂ ಒಬ್ಬ ಸಿಕ್ಕೇ ಸಿಗುತ್ತಾನೆ. ಪರದೆಯ ಮೇಲೆ ಅಲನ್ ಬಂದ ಕೂಡಲೇ ಎಲ್ಲರೂ ಒಬ್ಬನ ಕಡೆ ತಿರುಗುತ್ತಾರೆ. ನಮ್ಮಲ್ಲಿ ಆ ಒಬ್ಬ ಈಗ ದುಬೈನಲ್ಲಿದ್ದಾನೆ. ಕಳೆದ ಸಲ ನೋಡಿದಾಗ ಅವನನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡೇ ನೋಡಿದೆವು.

ಇಂಗ್ಲಿಷ್ ಮಾತು ಪೂರ್ತಿ ಅರ್ಥ ಆಗಲ್ಲ. ತೊಂದರೆ ಇದೆಯಾ?

ಸಬ್‌ಟೈಟಲ್ ಹಾಕಿಕೊಳ್ಳಿ, ಸಂಕೋಚ ಬೇಡ. ಅಲನ್ ಮಾತಾಡುವುದು ಮೆಲ್ಲಗೆ, ಬಾಯೊಳಗೇ. ಅವನ ಒಳ್ಳೆಯ ಮಾತುಗಳೆಲ್ಲ ಬೇರೆಯವರ ಗದ್ದಲದ ಕೆಳಗೆ ಹೂತುಹೋಗುತ್ತವೆ. ಚೌ ಮಾತು ಇನ್ನೂ ವೇಗ.

ಟಿವಿಯಲ್ಲಿ ಬಂದಾಗ ನೋಡಿದರೆ ಸಾಲದಾ?

ಸಾಲದು. ನಮ್ಮಲ್ಲಿ ದೊಡ್ಡವರಿಗೆ ಮಾತ್ರ ಎನ್ನುವ ಸಿನಿಮಾವನ್ನು ಇದ್ದ ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಕತ್ತರಿ ಬಿದ್ದೇ ಬರುತ್ತದೆ. ಇದು ಸುಳಿವಿನಿಂದ ಸುಳಿವಿಗೆ ಹೋಗುವ ಕಥೆ. ನಡುವೆ ಎರಡು ನಿಮಿಷ ಹೋದರೂ ಮುಂದಿನ ದೃಶ್ಯಕ್ಕೆ ಯಾಕೆ ಬಂದರು ಅಂತಲೇ ತಿಳಿಯುವುದಿಲ್ಲ.

ಮುಖದ ಹಚ್ಚೆಯಿಂದ ಕೋರ್ಟ್ ಕೇಸ್ ಆಯಿತಂತೆ, ನಿಜವಾ?

ನಿಜ, ಮತ್ತು ಇದು ನನಗೆ ಬಹಳ ಇಷ್ಟವಾದ ಪ್ರಸಂಗ. ಸ್ಟೂನ ಎಡಗಣ್ಣಿನ ಸುತ್ತ ಬರುವ ಹಚ್ಚೆ ಬಾಕ್ಸರ್ ಮೈಕ್ ಟೈಸನ್ ಮುಖದಲ್ಲಿರುವ ಹಚ್ಚೆಯದೇ ನಕಲು. ಟೈಸನ್ ಮೊದಲ ಸಿನಿಮಾದಲ್ಲೇ ಹುಲಿಯ ಒಡೆಯನಾಗಿ ಬಂದಿದ್ದರು. 2003ರಲ್ಲಿ ಟೈಸನ್‌ಗೆ ಆ ಹಚ್ಚೆ ಹಾಕಿದ ಕಲಾವಿದ ವಿಕ್ಟರ್ ವಿಟ್‌ಮಿಲ್. ಆ ಚಿತ್ರ ತನ್ನ ಸೃಷ್ಟಿ, ಅದನ್ನು ಕೇಳದೆ ಬಳಸಿದ್ದಾರೆ ಎಂದು ಅವರು ನಿರ್ಮಾಣ ಸಂಸ್ಥೆ ವಾರ್ನರ್ ಬ್ರದರ್ಸ್ ಮೇಲೆ 2011ರಲ್ಲಿ ಕೇಸ್ ಹಾಕಿದರು. ಬಿಡುಗಡೆಯನ್ನೇ ನಿಲ್ಲಿಸಿ ಎಂದು ಕೇಳಿದರು.

ನ್ಯಾಯಾಧೀಶೆ ಕ್ಯಾಥರೀನ್ ಪೆರ್ರಿ ಬಿಡುಗಡೆ ನಿಲ್ಲಿಸಲಿಲ್ಲ. ಸಿನಿಮಾ ತೆರೆಗೆ ಬರಲು ಎರಡೇ ದಿನ ಬಾಕಿ ಇತ್ತು, ಊರೂರಿನ ಥಿಯೇಟರುಗಳಿಗೆ ನಷ್ಟ ಆಗುತ್ತಿತ್ತು. ಆದರೆ ಕಲಾವಿದನ ವಾದದಲ್ಲಿ ಬಲ ಇದೆ ಎಂದು ಅವರು ಒಪ್ಪಿದರು. ಮುಂದಿನ ತಿಂಗಳು ಎರಡೂ ಕಡೆಯವರು ರಾಜಿಯಾದರು. ಮೈ ಒಬ್ಬರದು, ಮೈಮೇಲಿನ ಚಿತ್ರ ಇನ್ನೊಬ್ಬರದು! ನಮ್ಮ ಹಳ್ಳಿಗಳಲ್ಲಿ ಅಜ್ಜಿಯರ ಕೈಮೇಲೆ ಹಚ್ಚೆ ಹಾಕಿ ಹೋದ ಕೊರವಂಜಿಯರ ಹೆಸರು ಯಾರಿಗಾದರೂ ನೆನಪಿದೆಯಾ? ಈ ಕೇಸಿನ ಬಗ್ಗೆ ಓದಿದಾಗ ನನಗೆ ಹೊಳೆದಿದ್ದು ಅದು.

ಹಚ್ಚೆ ಹಾಕುವವನ ಪಾತ್ರ ಮೊದಲು ಬೇರೆಯವರು ಮಾಡಬೇಕಿತ್ತಾ?

ಹೌದು. ಮೊದಲು ಮೆಲ್ ಗಿಬ್ಸನ್ ಅಂತ ಆಗಿತ್ತು. ತಂಡದವರು ಒಪ್ಪದ ಕಾರಣ ಕೈಬಿಟ್ಟರು. ಆಮೇಲೆ ಲಿಯಾಮ್ ನೀಸನ್ ಬಂದು ನಟಿಸಿದರು. ಆ ದೃಶ್ಯವನ್ನು ಮತ್ತೆ ತೆಗೆಯಬೇಕಾಗಿ ಬಂದಾಗ ಅವರಿಗೆ ಬಿಡುವಿರಲಿಲ್ಲ. ಕೊನೆಗೆ ನಿಕ್ ಕ್ಯಾಸವೆಟಿಸ್ ಮಾಡಿದ್ದು ತೆರೆಗೆ ಬಂತು.

ಆ ಕೋತಿಗೆ ನಿಜವಾಗಿ ಸಿಗರೇಟ್ ಸೇದಿಸಿದರಾ?

ಇಲ್ಲ. ನಿರ್ದೇಶಕರು ಒಮ್ಮೆ ತಮಾಷೆಗೆ ಕೋತಿಗೆ ಸಿಗರೇಟ್ ಚಟ ಹತ್ತಿದೆ ಎಂದುಬಿಟ್ಟರು, ಪ್ರಾಣಿಪ್ರಿಯರು ಸಿಟ್ಟಾದರು. ಹೊಗೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದು. ಕೋತಿಯ ಹೆಸರು ಕ್ರಿಸ್ಟಲ್, ಹೆಣ್ಣು ಕೋತಿ, ಹಾಲಿವುಡ್‌ನಲ್ಲಿ ಇದಕ್ಕೂ ಮುಂಚೆ ಹಲವು ಸಿನಿಮಾ ಮಾಡಿದೆ. ಕ್ಯಾಪುಚಿನ್ ಜಾತಿಯದು. ಆ ಜಾತಿಯ ಕೋತಿಗಳ ಊರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡು. ಥಾಯ್ಲೆಂಡ್‌ನಲ್ಲಿ ಇರುವುದು ನಮ್ಮ ಮಂಗಗಳ ದಾಯಾದಿಗಳು, ಮಕಾಕ್ ಜಾತಿಯವು. ಕೋತಿಯ ಅಭಿನಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಕಾಡುಪ್ರಾಣಿಗೆ ಅಂಗಿ ತೊಡಿಸಿ ಕುಣಿಸುವುದನ್ನು ನೋಡಿ ಮೊದಲಿನಷ್ಟು ನಗಲು ನನಗೆ ಈಗ ಆಗುವುದಿಲ್ಲ.

ಎಲ್ಲಿ ಚಿತ್ರೀಕರಣ ಮಾಡಿದ್ದು?

ಮದುವೆಯ ಭಾಗ ಥಾಯ್ಲೆಂಡ್‌ನ ದಕ್ಷಿಣದ ಕ್ರಾಬಿಯಲ್ಲಿ. ಸುಣ್ಣಕಲ್ಲಿನ ಗುಡ್ಡಗಳು ಸಮುದ್ರದಿಂದ ನೇರ ಮೇಲೆದ್ದು ನಿಂತಿರುವ ಜಾಗ ಅದು. ಉಳಿದದ್ದು ಬ್ಯಾಂಕಾಕ್‌ನ ಬೀದಿಗಳಲ್ಲಿ, ಒಂದಿಷ್ಟು ಕ್ಯಾಲಿಫೋರ್ನಿಯಾದಲ್ಲಿ. ಬಂಗಾರದ ಗುಮ್ಮಟ ಇರುವ ಎತ್ತರದ ಕಟ್ಟಡದ ತಾರಸಿ ಬರುತ್ತದಲ್ಲ, ಅದು ಸ್ಟೇಟ್ ಟವರ್. ಅದರ ಮೇಲಿನ ಲೆಬುವಾ ಹೋಟೆಲಿನವರು ಈ ಸಿನಿಮಾ ಹೆಸರಿನಲ್ಲೇ ಒಂದು ಕಾಕ್‌ಟೇಲ್ ಮಾಡಿ ಮಾರುತ್ತಾರೆ.

ಚಿತ್ರೀಕರಣದ ಹೊತ್ತಿಗೆ ಒಂದು ಕಾರಿನ ದೃಶ್ಯದಲ್ಲಿ ಸಾಹಸ ಕಲಾವಿದರೊಬ್ಬರಿಗೆ ತಲೆಗೆ ಬಹಳ ಪೆಟ್ಟಾಯಿತು. ಓಡುವ ಕಾರು ನೋಡಿ ನಗುವಾಗ ಅದೂ ನೆನಪಿರಲಿ ಎಂದು ಹೇಳಿದೆ.

ಬ್ಯಾಂಕಾಕ್ ನಿಜವಾಗಿಯೂ ಹಾಗಿದೆಯಾ?

ಇಲ್ಲ. ಈ ಸಿನಿಮಾದ ಮೇಲೆ ನನಗಿರುವ ದೊಡ್ಡ ತಕರಾರು ಇದು. ಸಿನಿಮಾದ ಬ್ಯಾಂಕಾಕ್ ಮನುಷ್ಯರನ್ನು ನುಂಗುವ ಊರು. ಬೆವರು, ಕತ್ತಲೆ, ಗಲ್ಲಿ, ಗುಂಡಿನ ಸದ್ದು. ಯಾರನ್ನು ಕೇಳಿದರೂ ‘ಆ ಹುಡುಗ ಊರಿನ ಪಾಲಾದ’ ಅನ್ನುವ ಅರ್ಥದ ಮಾತನ್ನೇ ಹೇಳುತ್ತಾರೆ. ಹೆದರಿಕೆ ಹುಟ್ಟಿಸಲು ಅದು ಬೇಕಿತ್ತು ಅಂತ ಅರ್ಥವಾಗುತ್ತದೆ. ಆದರೆ ಅಲ್ಲಿನ ಜನ ಎಲ್ಲಿ? ಲಾಸ್ ವೇಗಸ್‌ಗೆ ಹೋದಾಗ ಅಲ್ಲಿಯವರಿಗೂ ಒಂದೊಂದು ಗುಣ, ಒಂದೊಂದು ಹೆಸರು ಇತ್ತು. ಇಲ್ಲಿ ಥಾಯ್ ಜನ ಹೆಚ್ಚಾಗಿ ಹಿನ್ನೆಲೆಯಲ್ಲೇ ನಿಂತಿರುತ್ತಾರೆ. ಥಾಯ್ ಮನೆತನದ ಅಕ್ಕ ತಮ್ಮನ ಪಾತ್ರಕ್ಕೂ ಥಾಯ್ ಮೂಲದವರನ್ನು ತೆಗೆದುಕೊಂಡಿಲ್ಲ. ಲಾರೆನ್ ಆಗಿರುವ ಜೇಮಿ ಚಂಗ್ ಕೊರಿಯಾ ಮೂಲದವರು, ಮೇಸನ್ ಲೀ ತೈವಾನ್ ಮೂಲದ ಮನೆಯವರು.

ಆ ಊರಿನವರು ತಮ್ಮ ಊರನ್ನು ಬ್ಯಾಂಕಾಕ್ ಎಂದು ಕರೆಯುವುದೇ ಇಲ್ಲ. ಕ್ರುಂಗ್ ತೇಪ್ ಎನ್ನುತ್ತಾರೆ. ತೇಪ್ ಅಂದರೆ ನಮ್ಮ ‘ದೇವ’ ಅನ್ನುವ ಪದವೇ, ದೇವತೆಗಳ ಊರು ಎಂದು ಅರ್ಥ. ಅದರ ಮುಂದೆ ‘ಮಹಾ ನಖೋನ್’ ಎಂದು ಸೇರಿಸುತ್ತಾರೆ. ಜೋರಾಗಿ ಹೇಳಿ ನೋಡಿ, ಮಹಾನಗರ ಎಂದು ಕೇಳಿಸುತ್ತದೆ. ಅಷ್ಟು ಹತ್ತಿರದ ಊರು ಅದು ನಮಗೆ. ಸಿನಿಮಾ ನೋಡಿ ಅಲ್ಲಿಗೆ ಹೊರಟವರು ಈ ಹೆಸರನ್ನು ನೆನಪಿಟ್ಟುಕೊಂಡು ಹೋಗಲಿ ಅಂತ ನನ್ನ ಆಸೆ.

ನಿಮಗೆ ಇಷ್ಟವಾಗದ ದೃಶ್ಯ ಯಾವುದು?

ಸ್ಟೂ ಮತ್ತು ಬಾರಿನಲ್ಲಿ ಕುಣಿಯುವ ಕಿಮ್ಮಿಯ ದೃಶ್ಯ. ಕಿಮ್ಮಿ ತೃತೀಯ ಲಿಂಗಿ. ಅದು ತಿಳಿದ ಕೂಡಲೇ ಸ್ಟೂ ಅಸಹ್ಯಪಟ್ಟು ಅಳುವುದನ್ನೇ ಸಿನಿಮಾ ನಗುವಿನ ವಸ್ತು ಮಾಡಿದೆ. 2011ರಲ್ಲಿ ಥಿಯೇಟರ್ ತುಂಬ ಜನ ನಕ್ಕರು, ನಾನೂ ನಕ್ಕೆ. ಈಗ ಅಲ್ಲಿಗೆ ಬಂದಾಗ ಬೇಸರವಾಗುತ್ತದೆ. ಕಿಮ್ಮಿ ಆ ರಾತ್ರಿ ಸ್ಟೂ ಜೊತೆ ಚೆನ್ನಾಗಿಯೇ ನಡೆದುಕೊಂಡಿದ್ದಾಳೆ, ಪ್ರೀತಿಯಿಂದ ಮಾತಾಡುತ್ತಾಳೆ. ಆ ಮಾತುಗಳನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಗುಂಪಿನಲ್ಲಿ ನೋಡುವಾಗ ಈ ದೃಶ್ಯ ಬರುತ್ತದೆ ಎಂದು ಮೊದಲೇ ಹೇಳಿಬಿಡಿ. ಯಾರಿಗೆ ಅದು ತಮ್ಮ ಮನೆಯ ಮಾತೋ ನಮಗೆ ಗೊತ್ತಿರುವುದಿಲ್ಲ.

ಒಂದು ರಾತ್ರಿ ಪೂರ್ತಿ ಮರೆತುಹೋಗುವುದು ನಿಜವಾಗಿ ಆಗುತ್ತದಾ?

ಆಗುತ್ತದೆ. ಬೇಗ ಬೇಗ ಜಾಸ್ತಿ ಕುಡಿದಾಗ ಮಿದುಳಿನಲ್ಲಿ ಹೊಸ ನೆನಪು ಕೂಡಿಡುವ ಭಾಗ, ಹಿಪ್ಪೊಕ್ಯಾಂಪಸ್, ಕೆಲಸ ನಿಲ್ಲಿಸುತ್ತದೆ. ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ, ದುಡ್ಡು ಕೊಡುತ್ತಾನೆ. ಏನೂ ದಾಖಲಾಗುವುದಿಲ್ಲ. ಮರೆತದ್ದಲ್ಲ, ಬರೆದೇ ಇಲ್ಲ. ಹಾಗಾಗಿ ಪೂರ್ತಿ ಅಳಿಸಿಹೋದ ರಾತ್ರಿ ಎಷ್ಟು ತಲೆ ಕೆರೆದುಕೊಂಡರೂ ವಾಪಸ್ ಬರುವುದಿಲ್ಲ.

ನಿದ್ದೆ ಮಾತ್ರೆಯಂಥ ಔಷಧಿಯ ಜೊತೆ ಮದ್ಯ ಸೇರಿದರೆ ಉಸಿರೇ ನಿಲ್ಲಬಹುದು. ಯಾರಿಗೂ ತಿಳಿಸದೆ ಅವರ ತಿಂಡಿಯಲ್ಲೋ ಲೋಟದಲ್ಲೋ ಏನನ್ನಾದರೂ ಬೆರೆಸುವುದು ಅಪರಾಧ, ತಮಾಷೆಯಲ್ಲ. ಪಾರ್ಟಿಗೆ ಹೊರಟ ಹುಡುಗರಿಗೆ ನಾನು ಇದನ್ನು ಪ್ರತಿ ಸಲ ಹೇಳುತ್ತೇನೆ. ಕುಡಿದು ಮಲಗಿದವನನ್ನು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಮಗ್ಗುಲಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ.

ಇಷ್ಟೊಂದು ಬೈದರೂ ದುಡ್ಡು ಮಾಡಿತಾ?

ಬಹಳ. ಮೊದಲನೆಯದು 3.5 ಕೋಟಿ ಡಾಲರಿನಲ್ಲಿ ತೆಗೆದ ಸಿನಿಮಾ, 46 ಕೋಟಿ ಡಾಲರ್ ದಾಟಿತು, ಗೋಲ್ಡನ್ ಗ್ಲೋಬ್ ಕೂಡ ಗೆದ್ದಿತು. ಎರಡನೆಯದಕ್ಕೆ 8 ಕೋಟಿ ಡಾಲರ್ ಹಾಕಿ ಸುಮಾರು 58 ಕೋಟಿ ಡಾಲರ್ ಎತ್ತಿದರು. ಅಂಥ ದೊಡ್ಡ ಪ್ರಶಸ್ತಿ ಇದಕ್ಕೆ ಬರಲಿಲ್ಲ.

(ಇಲ್ಲಿಂದ ಮುಂದೆ ಕಥೆಯ ಗುಟ್ಟು ಇದೆ. ನೋಡದವರು ನಿಲ್ಲಿಸಿ.)

ಮಾವನ ಗಂಜಿ ಮಾತಿನ ಅರ್ಥ ಏನು?

ಮದುವೆಯ ಹಿಂದಿನ ಊಟದಲ್ಲಿ ಲಾರೆನ್‌ಳ ಅಪ್ಪ ಎಲ್ಲರ ಎದುರು ಎದ್ದು ನಿಂತು ಅಳಿಯನಾಗುವವನನ್ನು ಅನ್ನದ ಗಂಜಿಗೆ ಹೋಲಿಸುತ್ತಾನೆ. ಸಣ್ಣ ಮಕ್ಕಳಿಗೆ, ಹಲ್ಲಿಲ್ಲದ ಮುದುಕರಿಗೆ ಕೊಡುವ ಸಪ್ಪೆ ಗಂಜಿ. ಥಾಯ್ ನಟ ನಿರುತ್ ಸಿರಿಚನ್ಯಾ ಆ ಮಾತನ್ನು ಹೇಳುವ ತಣ್ಣನೆಯ ರೀತಿ ನೋಡಿ! ಇಂಗ್ಲಿಷ್ ಮಾತಾಡುವ ನೋಡುಗರಿಗೆ ಅದು ಬರೀ ವಿಚಿತ್ರ ಹೋಲಿಕೆ ಇರಬಹುದು. ಗಂಜಿ ಕುಡಿದು ಬೆಳೆದ ನಮಗೆ ಅದು ನೇರ ಎದೆಗೆ ನಾಟುತ್ತದೆ. ಹೆಣ್ಣು ಕೊಡುವ ಮನೆಯಲ್ಲಿ, ನೆಂಟರೆಲ್ಲ ಕೂತಿರುವಾಗ, ಉಪ್ಪಿಲ್ಲದ ಗಂಜಿ ಅನ್ನಿಸಿಕೊಳ್ಳುವುದು ಎಂಥ ಅವಮಾನ.

ಇಡೀ ಸಿನಿಮಾದ ಬೆನ್ನೆಲುಬು ಈ ಮಾತು. ಬೆಳಗಾದರೆ ಅದೇ ಮಾವನ ಮುದ್ದಿನ ಮಗ ಕಾಣೆಯಾಗಿದ್ದಾನೆ, ಹುಡುಕಬೇಕಾದವನು ಗಂಜಿ ಅನ್ನಿಸಿಕೊಂಡ ಅಳಿಯ. ಕೊನೆಯಲ್ಲಿ ಮುಖದ ತುಂಬ ಹಚ್ಚೆ ಹೊತ್ತು, ದೋಣಿಯನ್ನು ದಡಕ್ಕೆ ನುಗ್ಗಿಸಿಕೊಂಡು ಬಂದು ಸ್ಟೂ ಮಾವನ ಎದುರು ನಿಂತು ಮಾತಾಡುತ್ತಾನಲ್ಲ, ನನ್ನೊಳಗೂ ಒಂದು ಭೂತ ಇದೆ ಎನ್ನುವ ಅರ್ಥದಲ್ಲಿ, ಅದು ಆ ಗಂಜಿಗೆ ಕೊಟ್ಟ ಉತ್ತರ. ಅಲ್ಲಿ ನಮ್ಮ ಗುಂಪು ಪ್ರತಿ ಸಲ ಚಪ್ಪಾಳೆ ಹೊಡೆಯುತ್ತದೆ.

ಟೆಡ್ಡಿ ಇಷ್ಟು ಹೊತ್ತೂ ಎಲ್ಲಿದ್ದ?

ಹೋಟೆಲಿನ ಲಿಫ್ಟಿನಲ್ಲಿ. ಬೆರಳು ಇಟ್ಟ ಪಾತ್ರೆಗೆ ಹಾಕಿದ್ದ ಐಸ್ ಕರಗಿತ್ತು, ಹೊಸ ಐಸ್ ತರಲು ಹೋದ ಹುಡುಗ ಕರೆಂಟ್ ಹೋಗಿ ಸಿಕ್ಕಿಕೊಂಡ. ಕಣ್ಣು ಬಿಟ್ಟ ಕೋಣೆಯಲ್ಲೇ ಈ ಸುಳಿವು ಇತ್ತು. ಎರಡನೇ ಸಲ ನೋಡುವಾಗ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಗಮನಿಸಿ. ಮೊದಲ ಸಿನಿಮಾದಲ್ಲೂ ಕಳೆದುಹೋದವನು ಅದೇ ಹೋಟೆಲಿನ ತಾರಸಿಯಲ್ಲೇ ಇದ್ದ. ದಾರಿ ಬೇರೆ, ಉತ್ತರ ಮತ್ತೆ ಅದೇ.

ಅಲನ್ ಯಾಕೆ ಹಾಗೆ ಮಾಡಿದ? ಅವನನ್ನು ಹೇಗೆ ಕ್ಷಮಿಸುವುದು?

ಇದಕ್ಕೆ ಉದ್ದ ಉತ್ತರ ಬೇಕು, ಯಾಕೆಂದರೆ ಸಿನಿಮಾ ಇರುವುದೇ ಇಲ್ಲಿ ಅಂತ ನನ್ನ ನಂಬಿಕೆ.

ಅಲನ್ ಬೆಂಕಿಯಲ್ಲಿ ಸುಡುವ ಮಾರ್ಷ್‌ಮೆಲೋ ಮಿಠಾಯಿಗೆ ಔಷಧಿ ಬೆರೆಸಿದ್ದ. ಅದು ಟೆಡ್ಡಿಗೆ ಮಾತ್ರ ಕೊಡಲು ಇಟ್ಟದ್ದು. ಪೊಟ್ಟಣ ಅದಲು ಬದಲಾಗಿ ಎಲ್ಲರ ಹೊಟ್ಟೆಗೂ ಹೋಯಿತು. ಟೆಡ್ಡಿಗೆ ಯಾಕೆ? ಹೊಟ್ಟೆಕಿಚ್ಚು. ಅಲನ್‌ಗೆ ಈ ಮೂವರನ್ನು ಬಿಟ್ಟರೆ ಲೋಕದಲ್ಲಿ ಗೆಳೆಯರೇ ಇಲ್ಲ. ತನ್ನ ಕೋಣೆಯ ಗೋಡೆಯ ತುಂಬ ಲಾಸ್ ವೇಗಸ್‌ನ ಆ ರಾತ್ರಿಯ ನೆನಪುಗಳನ್ನೇ ಅಂಟಿಸಿಕೊಂಡಿದ್ದಾನೆ. ಆ ಗುಂಪಿಗೆ ಹೊಸ ಹುಡುಗನೊಬ್ಬ, ಎಲ್ಲದರಲ್ಲೂ ಜಾಣ, ಸುಮ್ನೆ ಬಂದು ಸೇರಿಕೊಂಡರೆ ಅವನು ತಡೆದುಕೊಳ್ಳಲಾರ. ಮಾಡಿದ್ದು ತಪ್ಪು, ದೊಡ್ಡ ತಪ್ಪು. ಒಬ್ಬ ಹುಡುಗನ ಬೆರಳು ಹೋಯಿತು. ಸ್ಟೂ ರೇಗುವುದು ನ್ಯಾಯ.

ಆದರೆ ಬೌದ್ಧ ಮಠದ ದೃಶ್ಯ ನೆನಪಿದೆಯಾ? ಹಿಂದಿನ ರಾತ್ರಿಯನ್ನು ನೆನಪಿಸಿಕೊಳ್ಳಲು ಅಲನ್ ಧ್ಯಾನಕ್ಕೆ ಕೂರುತ್ತಾನೆ. ಅವನ ನೆನಪಿನಲ್ಲಿ ಬರುವ ಫಿಲ್, ಸ್ಟೂ, ಅಲನ್, ಎಲ್ಲರೂ ಮಕ್ಕಳು. ಬಾರಿನಲ್ಲಿ ಕೂತವರು, ಬೀದಿಯಲ್ಲಿ ಗಲಾಟೆ ಮಾಡುವವರು, ಹನ್ನೆರಡು ವರ್ಷದ ಹುಡುಗರ ಹಾಗೆ ಕಾಣುತ್ತಾರೆ. ಅವನು ತನ್ನನ್ನೂ ಗೆಳೆಯರನ್ನೂ ಕಾಣುವುದು ಹಾಗೆಯೇ. ಅಳಿಸಿಹೋದ ನೆನಪು ವಾಪಸ್ ಬರದು ಎಂದು ಮೇಲೆ ಬರೆದೆ. ವಿಜ್ಞಾನದ ಲೆಕ್ಕದಲ್ಲಿ ಈ ದೃಶ್ಯ ತಪ್ಪು. ಆದರೂ ಇಡೀ ಸಿನಿಮಾದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಪ್ರೀತಿಸುವ ದೃಶ್ಯ ಅದು, ಮತ್ತು ಮೊದಲ ಸಿನಿಮಾದಲ್ಲಿ ಇಲ್ಲದ್ದು. ಕಾಪಿ ಎಂದು ಬೈಯುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ನಮ್ಮ ಗುಂಪಿನಲ್ಲೂ ಒಬ್ಬನ ಮದುವೆಯಾದ ಮೇಲೆ ಇನ್ನೊಬ್ಬ ಒಂದು ವರ್ಷ ಫೋನ್ ಎತ್ತಿರಲಿಲ್ಲ. ಕಾರಣ ಏನು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈ ಸಿನಿಮಾ ಮೂರನೇ ಸಲ ನೋಡುವಾಗ ನನಗೆ ಅದು ಅರ್ಥವಾಯಿತು.

ಮೂರನೆಯದೂ ನೋಡಬೇಕಾ?

2013ರಲ್ಲಿ ಬಂತು. ಅದರಲ್ಲಿ ಬ್ಯಾಚುಲರ್ ಪಾರ್ಟಿ ಇಲ್ಲ, ಕೊನೆಯ ಪುಟ್ಟ ತುಣುಕು ಬಿಟ್ಟರೆ ಮರೆತ ರಾತ್ರಿಯೂ ಇಲ್ಲ. ಅಚ್ಚು ಒಡೆದು ಹೊಸದು ಮಾಡಲು ಹೋದರು, ಆದರೆ ನಗು ಕಡಿಮೆಯಾಯಿತು. ಅಲನ್ ಮೇಲೆ ಪ್ರೀತಿ ಹುಟ್ಟಿದ್ದರೆ ನೋಡಿ, ಅದು ಪೂರ್ತಿ ಅವನದೇ ಕಥೆ.

ಕೊನೆಯ ಫೋಟೋಗಳ ತನಕ ಕೂರಬೇಕಾ?

ಕೂರಲೇಬೇಕು. ಮದುವೆ ಮುಗಿದಿದೆ, ಟೈಸನ್ ಬಂದು ಹಾಡಿದ್ದಾರೆ. ಆಗ ಟೆಡ್ಡಿ ತನ್ನ ಫೋನ್ ತೆಗೆಯುತ್ತಾನೆ, ಅದರಲ್ಲಿ ರಾತ್ರಿಯ ಫೋಟೋಗಳಿವೆ. ಒಂದೇ ಸಲ ನೋಡಿ ಆಮೇಲೆ ಅಳಿಸಿಬಿಡೋಣ ಎಂದು ಎಲ್ಲರೂ ಫೋನಿನ ಸುತ್ತ ತಲೆ ಸೇರಿಸುತ್ತಾರೆ. ಫೋಟೋಗಳು ಬಹಳ ಬೇಗ ಓಡುತ್ತವೆ, ರಿಮೋಟ್ ಕೈಯಲ್ಲಿರಲಿ. ಬೆರಳು ಹೋದ ಹುಡುಗನ ಮುಖವನ್ನು ಹುಡುಕಿ. ಅಷ್ಟೂ ಜನರಲ್ಲಿ ಆ ರಾತ್ರಿ ಎಲ್ಲರಿಗಿಂತ ಜಾಸ್ತಿ ಖುಷಿಯಾಗಿದ್ದವನು ಅವನೇ.